ಹುಡುಗಿಯ ಮೇಲೆ ಮನಸ್ಸಾದ ಹುಡುಗಿಗೆ

ಹೆಸರಿಟ್ಟುಕೊಳ್ಳುವ ಅವಸರ ಬೇಡ. ಲೆಸ್ಬಿಯನ್ನೋ (ಹೆಣ್ಣಿನ ಮೇಲಷ್ಟೇ ಮನಸ್ಸಾಗುವ ಹೆಣ್ಣು) ಬೈಸೆಕ್ಷುಯಲ್ಲೋ (ಗಂಡು, ಹೆಣ್ಣು ಇಬ್ಬರ ಮೇಲೂ ಮನಸ್ಸಾಗುವವರು) ಎಂದು ಪಿಯುಸಿ ಮುಗಿಯುವುದರೊಳಗೆ ತೀರ್ಮಾನವಾಗಲೇಬೇಕೆಂದಿಲ್ಲ. ಹುಡುಗರೂ ಇಷ್ಟವಾದರೆ ಹುಡುಗಿಯ ಮೇಲಿನ ಇಷ್ಟ ಸುಳ್ಳಾಗುವುದಿಲ್ಲ.

"ನನಗೇನೋ ಆಗಿದೆ" ಅನ್ನಿಸಿದಾಗ ಆ ಮಾತನ್ನು ಹಾಗೇ ಚೀಟಿಯಲ್ಲಿ ಬರೆಯಿರಿ. ಪಕ್ಕದಲ್ಲಿ, ಇದನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದು? ಸಿನಿಮಾ ಕಾಮಿಡಿಯೋ, ಕ್ಲಾಸಿನವರೋ, ದೊಡ್ಡಮ್ಮನೋ? ಕೆಳಗೆ ಎರಡು ಸಂಗತಿ: ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿದೆ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಸಲ ಓದಿ ಹರಿದುಹಾಕಿ. ಡೈರಿ ಬೇಡ, ಹಾಸಿಗೆ ಕೊಡವುವಾಗ ಯಾರ ಕೈಗಾದರೂ ಸಿಗುತ್ತದೆ.

ಕೊಪ್ಪಳ, ಬಳ್ಳಾರಿ ಕಡೆ ಕೆಲವರು ಇದನ್ನು ಯಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನಂತೆ ಬದುಕುವ ಜೋಗಪ್ಪಂದಿರ ವಿಷಯಕ್ಕೆ ಗಂಟು ಹಾಕುತ್ತಾರೆ. ಅದು ತಾನು ಗಂಡೋ ಹೆಣ್ಣೋ ಎಂಬ ಮಾತು. ಇದು ಯಾರ ಮೇಲೆ ಮನಸ್ಸು ಎಂಬ ಮಾತು.

ಯಾರಿಗಾದರೂ ಹೇಳಬೇಕೆನಿಸಿದರೆ ಒಬ್ಬರಿಗೆ ಸಾಕು. ಮೊದಲು ಸುದ್ದಿಯಲ್ಲಿ ಬಂದ ಸಲಿಂಗ ಜೋಡಿಯ ಮಾತೆತ್ತಿ, ಅವರು ಏನನ್ನುತ್ತಾರೆ ನೋಡಿ. ಛೀ ಅಂದರೆ ಅಲ್ಲಿಗೇ ಬಿಡಿ. ಜಗಳದ ಭರದಲ್ಲಿ ಹೇಳಬೇಡಿ; ವಾಟ್ಸ್ಆ್ಯಪ್‌ನಲ್ಲಂತೂ ಬೇಡವೇ ಬೇಡ, ಸ್ಕ್ರೀನ್‌ಶಾಟ್ ಊರು ಸುತ್ತುತ್ತದೆ. ಓದು, ಊಟ, ಹಾಸ್ಟೆಲ್ ಫೀಸು ಮನೆಯವರ ಕೈಯಲ್ಲಿರುವಾಗ ಸುಮ್ಮನಿರುವುದು ಹೇಡಿತನವಲ್ಲ.

ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416: ಉಚಿತ, ದಿನವಿಡೀ, ಕನ್ನಡದಲ್ಲಿ. ಫೋನ್ ಅಪ್ಪನದಾದರೆ ಕಾಲ್ ಲಿಸ್ಟ್ ಅಳಿಸಿ. "ಸರಿಪಡಿಸುತ್ತೇನೆ" ಎನ್ನುವ ಡಾಕ್ಟರ್ ಹತ್ತಿರ ಎರಡನೇ ಸಲ ಹೋಗಬೇಡಿ. ಹೊಡೆತ ಬಿದ್ದರೆ, 18 ತುಂಬುವ ಮುಂಚೆ ಮದುವೆ ಗೊತ್ತುಮಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹುಡುಗಿಯ ಮೇಲೆ ಮನಸ್ಸಾದ ವಿಷಯ ಹೇಳಲೇಬೇಕೆಂದಿಲ್ಲ; ವಯಸ್ಸು, ಎಲ್ಲಿದ್ದೀರಿ, ಏನಾಗುತ್ತಿದೆ ಎಂಬುದನ್ನು ಹೇಳಿ.