ಜವ ಮತ್ತು ದೂರ-ಕಾಲ ನಕ್ಷೆ: ಮೈದಾನದಿಂದ ಶುರು ಮಾಡಿ

ಒಂಬತ್ತನೇ ತರಗತಿಯ ಚಲನೆಯ ಪಾಠವನ್ನು ಸೂತ್ರದಿಂದ ಆರಂಭಿಸಬೇಡಿ. ದೂರವನ್ನು ಕಾಲದಿಂದ ಭಾಗಿಸಿ ಜವ (ವೇಗದ ಪ್ರಮಾಣ) ಕಂಡುಹಿಡಿಯುವುದು ಮಕ್ಕಳಿಗೆ ಕಷ್ಟವಲ್ಲ, ನಕ್ಷೆಯ ಗೆರೆಯನ್ನು ಓದುವುದು ಕಷ್ಟ. ನಡೆದು ನೋಡಿದವರಿಗೆ ಅದು ಬೇಗ ಹಿಡಿಯುತ್ತದೆ.

ಮೈದಾನದಲ್ಲಿ 20 ಮೀಟರ್ ನೇರ ಗೆರೆ ಎಳೆದು, ಪ್ರತಿ 5 ಮೀಟರಿಗೆ ಸುಣ್ಣದ ಪುಡಿಯ ಗುರುತು ಹಾಕಿ. 5, 10, 15, 20ರಲ್ಲಿ ಒಬ್ಬೊಬ್ಬರು ಸ್ಟಾಪ್‌ವಾಚ್ ಹಿಡಿದು ನಿಲ್ಲಲಿ, ಮೊಬೈಲಿನದ್ದಾದರೂ ಸಾಕು. ನಡೆಯುವವರು ಸೊನ್ನೆ ಗುರುತಿಗಿಂತ ಎರಡು ಮೀಟರ್ ಹಿಂದಿನಿಂದ ಹೊರಡಬೇಕು, ಇಲ್ಲದಿದ್ದರೆ ಮೊದಲ ಹೆಜ್ಜೆಗಳಲ್ಲಿ ಜವ ಏರುತ್ತಿದ್ದು ನಕ್ಷೆಯ ಆರಂಭ ಬಾಗುತ್ತದೆ. ಸೊನ್ನೆ ದಾಟಿದ ಕೂಡಲೇ ಒಬ್ಬರು ಎತ್ತಿದ ಕೈ ಇಳಿಸಲಿ. ನಾಲ್ಕೂ ಸ್ಟಾಪ್‌ವಾಚ್ ಆಗಲೇ ಶುರುವಾಗಬೇಕು, ನಡೆಯುವವರು ಆಯಾ ಗುರುತು ದಾಟಿದಾಗ ಅಲ್ಲಿನ ಸ್ಟಾಪ್‌ವಾಚ್ ನಿಲ್ಲಿಸಬೇಕು. ಗುಂಡಿ ಒತ್ತುವಲ್ಲಿ ಸೆಕೆಂಡಿನ ಒಂದೆರಡು ದಶಾಂಶ ಆಚೀಚೆ ಆಗುವುದು ಸಹಜ. ಹಾಗಾಗಿ ಮೊದಲ ದಿನ ಓಡಿಸಬೇಡಿ, ನಡೆಸಿ. ಓಟದಲ್ಲಿ 5 ಮೀಟರ್ ಒಂದೇ ಸೆಕೆಂಡಿನಲ್ಲಿ ಮುಗಿದರೆ ಅಷ್ಟು ತಪ್ಪೇ ದೊಡ್ಡದಾಗುತ್ತದೆ.

3.9, 8.1, 11.9, 16.0 ಸೆಕೆಂಡು ಬಂತೆನ್ನಿ. 20 ÷ 16 = 1.25 ಮೀಟರ್ ಪ್ರತಿ ಸೆಕೆಂಡಿಗೆ. ಗಂಟೆಯಲ್ಲಿ 3600 ಸೆಕೆಂಡು, ಕಿಲೋಮೀಟರಿನಲ್ಲಿ 1000 ಮೀಟರ್, ಆದ್ದರಿಂದ 3.6ರಿಂದ ಗುಣಿಸಿದರೆ ಗಂಟೆಗೆ 4.5 ಕಿ.ಮೀ. ಈ 3.6 ಎಲ್ಲಿಂದ ಬಂತೆಂದು ಮಕ್ಕಳೇ ಬಿಡಿಸಿ ತೋರಿಸಲಿ, ಬಾಯಿಪಾಠ ಬೇಡ.

ಸರಾಸರಿಯಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ. ಹೋಗುವಾಗ 20 ಮೀಟರಿಗೆ 20 ಸೆಕೆಂಡು, ಬರುವಾಗ 10 ಸೆಕೆಂಡು. ಜವ 1 ಮತ್ತು 2, ಸರಾಸರಿ 1.5 ಎಂದುಬಿಡುತ್ತಾರೆ. ಒಟ್ಟು ದೂರ 40, ಒಟ್ಟು ಕಾಲ 30. ಉತ್ತರ ಸುಮಾರು 1.33. ನಿಧಾನವಾಗಿ ನಡೆದದ್ದು ಹೆಚ್ಚು ಹೊತ್ತು, ಅದಕ್ಕೇ ಸರಾಸರಿ ಆ ಕಡೆಗೆ ವಾಲುತ್ತದೆ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಕಾಲ, ಲಂಬಕ್ಕೆ ದೂರ, 1 ಸೆಂ.ಮೀ.ಗೆ 2 ಸೆಕೆಂಡು, 1 ಸೆಂ.ಮೀ.ಗೆ 2 ಮೀಟರ್. ಬಿಂದುಗಳನ್ನು ಅಂಕುಡೊಂಕಾಗಿ ಜೋಡಿಸದೆ, ಅವುಗಳ ನಡುವೆ ಹಾಯುವ ಒಂದೇ ನೇರ ಗೆರೆ ಎಳೆಸಿ. ಇಳಿಜಾರು ಲೆಕ್ಕಹಾಕಲು ಆ ಗೆರೆಯ ಮೇಲೆ ದೂರದೂರದ ಎರಡು ಬಿಂದು ಆರಿಸಿ, ಅವುಗಳ ನಡುವಿನ ದೂರದ ವ್ಯತ್ಯಾಸವನ್ನು ಕಾಲದ ವ್ಯತ್ಯಾಸದಿಂದ ಭಾಗಿಸಲಿ, ಅದೇ ಜವ. ಚೌಕ ಎಣಿಸಿ ಭಾಗಿಸುವವರನ್ನು ತಡೆಯಿರಿ: ಅಕ್ಷಗಳ ಪ್ರಮಾಣ ಬೇರೆಬೇರೆ ಇದ್ದರೆ ಉತ್ತರ ತಪ್ಪುತ್ತದೆ.

ಏರುವ ಗೆರೆ ಕಂಡರೆ ಗುಡ್ಡ ಹತ್ತಿದಂತೆ ಎಂದು ಓದುವ ಮಕ್ಕಳು ಬಹಳ. ಇದಕ್ಕೆ ಮದ್ದು ಉಲ್ಟಾ ಅಭ್ಯಾಸ. ನೀವು ನಕ್ಷೆ ಬರೆಯಿರಿ, ಅವರು ಅದರಂತೆ ನಡೆಯಲಿ: ಮೊದಲ 5 ಸೆಕೆಂಡಿನಲ್ಲಿ 10 ಮೀಟರ್, ಮುಂದಿನ 5 ಸೆಕೆಂಡು ನಿಲುಗಡೆ, ಕೊನೆಯ 10 ಸೆಕೆಂಡಿನಲ್ಲಿ ಇನ್ನು 10 ಮೀಟರ್. ಗೆರೆಯ ಕೊನೆಯ ತುಂಡು ಏಕೆ ಕಡಿಮೆ ಕಡಿದಾಗಿದೆ ಎಂದು ಕಾಲಿಗೇ ಗೊತ್ತಾಗುತ್ತದೆ. ಬಳಿಕ ನೆಟ್ಟಗೆ ನಿಂತ ಲಂಬ ಗೆರೆ ಬರೆದು ‘ಇದನ್ನು ನಡೆದು ತೋರಿಸಿ’ ಎನ್ನಿ. ಕಾಲವೇ ಕಳೆಯದೆ ದೂರ ಕ್ರಮಿಸಲಾಗದು ಎಂದು ಅವರೇ ಹೇಳುತ್ತಾರೆ.

ಇವಿಷ್ಟು ಗಟ್ಟಿಯಾದ ಮೇಲಷ್ಟೇ ಜವ-ಕಾಲ ನಕ್ಷೆ. ಅಲ್ಲಿ ಮಟ್ಟಸ ಗೆರೆ ಎಂದರೆ ನಿಂತಿದ್ದಲ್ಲ, ಒಂದೇ ಜವದಲ್ಲಿ ಸಾಗಿದ್ದು. ಎರಡೂ ನಕ್ಷೆಯನ್ನು ಒಂದರ ಕೆಳಗೊಂದು ಬರೆಸಿ, ಮೊದಲು ಅಕ್ಷದ ಹೆಸರು ಓದಿಸಿ. ಸೆಕೆಂಡಿಗೆ 2 ಮೀಟರಿನಂತೆ 5 ಸೆಕೆಂಡು ನಡೆದರೆ ಗೆರೆಯ ಕೆಳಗಿನ ಆಯತ 2 × 5 = 10. ಸೆಕೆಂಡು ಸೆಕೆಂಡಿಗೆ ಹೊಡೆದುಹೋಗಿ ಮೀಟರ್ ಮಾತ್ರ ಉಳಿಯುತ್ತದೆ, ಅಂದರೆ ವಿಸ್ತೀರ್ಣವೇ ದೂರ.