ಸಾವಿರಾರು ಶಿಲ್ಪಚಿತ್ರಗಳನ್ನು ಸ್ವಂತ ವಿಕಿಯಲ್ಲಿ ಜೋಡಿಸುವ ಬಗೆ

ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರೇ 42. ಜೊತೆಗೆ ಹಳೇಬೀಡು, ದೊಡ್ಡಗದ್ದವಳ್ಳಿ, ಬೆಳವಾಡಿ, ಅಮೃತಾಪುರ ಸೇರಿದರೆ ಹಾಸನ, ಚಿಕ್ಕಮಗಳೂರಿನ ಹೊಯ್ಸಳ ಗುಡಿಗಳನ್ನು ದಾಖಲಿಸುವವರ ಬಳಿ ಫೋಟೊ ಸಾವಿರ ದಾಟುತ್ತವೆ. ಅವನ್ನು ನಿಮ್ಮ ವಿಕಿಯೊಳಗೆ, ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ಸ್ವಂತ ಟಿಪ್ಪಣಿಪುಟಗಳೊಳಗೆ, ತುರುಕಬೇಡಿ. ಫೋಟೊ ಫೋಲ್ಡರಿನಲ್ಲಿರಲಿ, ವಿಕಿಯಲ್ಲಿ ಕೊಂಡಿ ಮಾತ್ರ ಇರಲಿ.

ಇಡೀ ವಿಕಿಯನ್ನು ಒಂದೇ ಕಡತದಲ್ಲಿಡುವ ಟಿಡ್ಲಿವಿಕಿ ಬಳಸುವವರು ಸಿಕ್ಕಿಬೀಳುವುದು ಇಲ್ಲೇ. ಚಿತ್ರವನ್ನು ಎಳೆದು ಹಾಕಿದರೆ ಅದು ಬೇಸ್64 ಪಠ್ಯವಾಗಿ (ಚಿತ್ರವನ್ನು ಅಕ್ಷರಗಳಾಗಿ ಬರೆಯುವ ವಿಧಾನ) ಅದೇ ಎಚ್‌ಟಿಎಂಎಲ್ ಕಡತದೊಳಗೆ ಕೂರುತ್ತದೆ, ಗಾತ್ರ ಮೂರನೇ ಒಂದರಷ್ಟು ಹಿಗ್ಗುತ್ತದೆ. 400 ಕೆಬಿಯ 200 ಚಿತ್ರ ಹಾಕಿದರೆ ಕಡತ 100 ಎಂಬಿ ಮೀರುತ್ತದೆ. ಒಂದು ಅಕ್ಷರ ತಿದ್ದಿ ಸೇವ್ ಮಾಡಿದರೂ ಅಷ್ಟೂ ಮತ್ತೆ ಬರೆಯಬೇಕು. ಬದಲಿಗೆ ಕ್ಯಾನೊನಿಕಲ್ ಯುಆರ್‌ಐ ಫೀಲ್ಡಿನಲ್ಲಿ ಚಿತ್ರದ ದಾರಿ ಕೊಡಿ. ಟಿಪ್ಪಣಿ ತಂತ್ರಾಂಶವಾದ ಅಬ್ಸಿಡಿಯನ್‌ನಲ್ಲಿ ಅಟ್ಯಾಚ್‌ಮೆಂಟ್‌ಗಳಿಗೆ ಒಂದು ಫೋಲ್ಡರ್ ಗೊತ್ತುಮಾಡಿದರೆ ಸಾಕು; ಕಡತದ ಹೆಸರು ಬದಲಿಸುವುದಿದ್ದರೆ ಮಾತ್ರ ಆ ತಂತ್ರಾಂಶದೊಳಗಿಂದಲೇ ಬದಲಿಸಿ, ಹೊರಗಿನಿಂದ ಬದಲಿಸಿದರೆ ಕೊಂಡಿ ಕಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಡತದ ಹೆಸರಿನಲ್ಲಿ. ಕನ್ನಡದಲ್ಲಿ ಹೆಸರಿಡುವ ಆಸೆ ಸಹಜ, ಆದರೆ ‘ಹಳೇಬೀಡು’ ಎಂಬಲ್ಲಿನ ಎರಡು ದೀರ್ಘಗಳನ್ನೂ ಯುನಿಕೋಡ್‌ನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಹ್ರಸ್ವ ಮತ್ತು ದೀರ್ಘಚಿಹ್ನೆ ಬಿಡಿಬಿಡಿಯಾಗಿ. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಅವನ್ನು ಬಿಡಿಸಿಯೇ ಇಡುತ್ತದೆ. ಅಲ್ಲಿಂದ ಲಿನಕ್ಸ್‌ಗೆ ನಕಲಿಸಿದಾಗ ವಿಕಿಯ ಕೊಂಡಿಯಲ್ಲಿ ಒಂದೇ ಸಂಕೇತದ ರೂಪವಿದ್ದರೆ, ಕಡತ ಕಣ್ಣೆದುರೇ ಇದ್ದರೂ ವಿಕಿಗೆ ಸಿಗುವುದಿಲ್ಲ. ಜೊತೆಗೆ ಪ್ರತಿ ಕನ್ನಡ ಸಂಕೇತ ಯುಟಿಎಫ್-8ರಲ್ಲಿ (ಯುನಿಕೋಡ್ ಸಂಕೇತಗಳನ್ನು ಬೈಟ್ ಆಗಿ ಇಡುವ ಕ್ರಮ) 3 ಬೈಟ್. ಲಿನಕ್ಸ್‌ನಲ್ಲಿ ಕಡತದ ಹೆಸರಿಗಿರುವ 255 ಬೈಟ್‌ಗಳ ಮಿತಿಯಲ್ಲಿ 85 ಸಂಕೇತಕ್ಕೇ ಹೆಸರು ಮುಗಿಯುತ್ತದೆ. ಹಾಗಾಗಿ ಬರೀ ಅಂಕಿಗಳಿರಲಿ: 2024-11-17-03-0042. ದಿನಾಂಕ, ಸ್ಥಳದ ಸಂಖ್ಯೆ, ಕ್ರಮಸಂಖ್ಯೆ. 03 ಯಾವ ಊರು ಎಂಬುದನ್ನು ವಿಕಿಯ ಒಂದು ಪುಟದಲ್ಲಿ ಬರೆದಿಡಿ. ಕನ್ನಡವೆಲ್ಲ ಶೀರ್ಷಿಕೆ, ಟ್ಯಾಗು, ವಿವರಣೆಯಲ್ಲಿ ಧಾರಾಳವಾಗಿರಲಿ.

ದಿನಾಂಕವನ್ನು, ಫೋಟೊದೊಳಗೇ ಕ್ಯಾಮೆರಾ ಬರೆದಿಡುವ ಮಾಹಿತಿಯಾದ ಎಕ್ಸಿಫ್‌ನಿಂದ ತೆಗೆದು ಹೆಸರಿಗೆ ಸೇರಿಸಲು ಎಕ್ಸಿಫ್‌ಟೂಲ್ ತಂತ್ರಾಂಶ ಇದೆ. ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಎಕ್ಸಿಫ್ ಅಳಿದಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ವಿಕಿಗೆ 1600 ಪಿಕ್ಸೆಲ್ ಅಗಲದ, 80 ಗುಣಮಟ್ಟದ ಜೆಪೆಗ್ ಪ್ರತಿ ಸಾಕು. ಶಾಸನಗಳಿಗೆ ಮಾತ್ರ 2400 ಇಡಿ, ಇಲ್ಲದಿದ್ದರೆ ಸವೆದ ಅಕ್ಷರ ಓದಲಾಗದು. ಐಫೋನಿನ ಹೈಕ್ (HEIC) ಮಾದರಿಯ ಚಿತ್ರ ಹೆಚ್ಚಿನ ಬ್ರೌಸರುಗಳಲ್ಲಿ ತೆರೆಯುವುದಿಲ್ಲ, ಅದನ್ನೂ ಜೆಪೆಗ್ ಮಾಡಿ. ಇಮೇಜ್‌ಮ್ಯಾಜಿಕ್‌ನ ಚಿತ್ರ ಕುಗ್ಗಿಸುವ ಮಾಗ್ರಿಫೈ (mogrify) ಆದೇಶಕ್ಕೆ ಬೇರೆ ಫೋಲ್ಡರಿನ ದಾರಿ ಕೊಡದಿದ್ದರೆ ಅದು ಮೂಲವನ್ನೇ ಕುಗ್ಗಿಸಿಬಿಡುತ್ತದೆ. ಆದ್ದರಿಂದ ಮೊದಲು ಮೂಲಗಳ ಎರಡು ಪ್ರತಿ ಬೇರೆ ಬೇರೆ ಡಿಸ್ಕಿನಲ್ಲಿರಲಿ, ಒಂದು ಬೇರೆ ಮನೆಯಲ್ಲಿರಲಿ.

ಒಂದೇ ಪುಟಕ್ಕೆ 500 ಚಿತ್ರ ಸುರಿದರೆ ಫೋನು ತಡವರಿಸುತ್ತದೆ. ಗೋಡೆಗೊಂದು ಪುಟ ಮಾಡಿ, ಪುಟಕ್ಕೆ 40ರೊಳಗೆ ಇರಲಿ. ಪೂರ್ವದ ಬಾಗಿಲಿಂದ ಪ್ರದಕ್ಷಿಣೆಯಾಗಿ ಫೋಟೊ ತೆಗೆದರೆ ಕ್ರಮಸಂಖ್ಯೆಯೇ ಗೋಡೆಯ ಜಾಗ ಹೇಳುತ್ತದೆ. ಮುಂದಿನ ಭೇಟಿಯಲ್ಲಿ ಬಿಟ್ಟುಹೋದ ಶಿಲ್ಪ ಯಾವ ಮೂಲೆಯದೆಂದು ಹುಡುಕಬೇಕಿಲ್ಲ.