ಕೊನೆಯ ಸ್ವರವನ್ನು ಉಳಿಸಿಕೊಂಡ ಬಗೆ: ಹೊರಗ್ರಹಗಳ ಚಂದ್ರರ ಹೆಸರುಗಳೊಂದಿಗೆ ನನ್ನ ಅನುಭವ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಗುರು, ಶನಿ, ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳ ಚಂದ್ರರ ಹೆಸರುಗಳನ್ನೂ ಅವು ಎಲ್ಲಿಂದ ಬಂದವೆಂಬುದನ್ನೂ ಕನ್ನಡದಲ್ಲಿ ತಿಳಿಸುವ ಒಂದು ಗೋಡೆಪಟವನ್ನು ಸಿದ್ಧಪಡಿಸಲು ಹೊರಟೆ. ಒಂದು ಭಾನುವಾರದಲ್ಲಿ ಮುಗಿದೀತೆಂದು ಭಾವಿಸಿದ್ದ ಈ ಕೆಲಸಕ್ಕೆ ಇಡೀ ಬೇಸಿಗೆ ರಜೆ ಬೇಕಾಯಿತು.

ಮೊದಲ ಕರಡಿನಲ್ಲಿ ನಾನು ಎರಡು ತಪ್ಪುಗಳನ್ನು ಮಾಡಿದ್ದೆ. ಗುರುವಿನ ದೂರದ ಚಂದ್ರರ ಪೈಕಿ ಕೆಲವನ್ನು ಇಂಗ್ಲಿಷಿನ ಉಚ್ಚಾರಣೆಯಂತೆ ಕಾರ್ಮಿ, ಸಿನೋಪಿ, ಅನಂಕಿ ಎಂದು ಬರೆದಿದ್ದೆ. ಲೀಡಾ, ಎಲಾರಾ ಎಂಬ ಹೆಸರುಗಳನ್ನಾದರೋ, ಸೀತಾ ಎಂಬುದು ಸೀತೆಯಾಗುವಂತೆ, ಗಂಗಾ ಎಂಬುದು ಗಂಗೆಯಾಗುವಂತೆ, ನಮ್ಮ ಭಾಷೆಯ ಜಾಯಮಾನಕ್ಕೆ ಒಗ್ಗಿಸಿ ಲೀಡೆ, ಎಲಾರೆ ಎಂದು ತಿದ್ದಿದ್ದೆ. ಕಿವಿಗೆ ಹಿತವಾಗಿದ್ದವು, ಆದರೆ ಹಾಗೆ ತಿದ್ದುವುದರಿಂದ ಆ ಹೆಸರುಗಳೊಳಗಿನ ಖಗೋಳ ಮಾಹಿತಿಯೇ ಅಳಿಸಿಹೋಗುತ್ತದೆಂಬುದು ನನಗೆ ಆಗ ತಿಳಿದಿರಲಿಲ್ಲ.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 1975ರಲ್ಲಿ ಗುರುವಿನ ಹೊರ ಚಂದ್ರರಿಗೆ ಅಧಿಕೃತ ಹೆಸರುಗಳನ್ನು ಇಟ್ಟಾಗ ಒಂದು ಅಚ್ಚುಕಟ್ಟಾದ ಕ್ರಮವನ್ನು ಅನುಸರಿಸಿತು. ಗ್ರಹವು ತನ್ನ ಸುತ್ತ ತಿರುಗುವ ದಿಕ್ಕಿನಲ್ಲಿಯೇ ಸುತ್ತುವ ಚಂದ್ರರ ಹೆಸರು 'ಆ' ಸ್ವರದಲ್ಲಿಯೂ, ಅದಕ್ಕೆ ಎದುರು ದಿಕ್ಕಿನಲ್ಲಿ ಸುತ್ತುವವುಗಳ ಹೆಸರು 'ಎ' ಸ್ವರದಲ್ಲಿಯೂ ಮುಗಿಯುತ್ತವೆ. ಹೀಗಾಗಿ ಹಿಮಾಲಿಯಾ, ಎಲಾರಾ, ಲಿಸಿಥಿಯಾ, ಲೀಡಾ ಒಂದು ಗುಂಪು. ಪಾಸಿಫಾಯೆ, ಸಿನೋಪೆ, ಕಾರ್ಮೆ, ಅನಾಂಕೆ ಇನ್ನೊಂದು ಗುಂಪು. ನನ್ನ ಲೀಡೆಯೂ ಎಲಾರೆಯೂ ಕಾಗದದ ಮೇಲೆ ಹಿಂದು ಮುಂದಾಗಿ ಸುತ್ತತೊಡಗಿದ್ದವು! ಕಕ್ಷೆಯು ಬಹಳ ಓರೆಯಾಗಿರುವ ಕೆಲವಕ್ಕೆ 'ಓ' ಸ್ವರವಿದೆ. ಕಾರ್ಪೊ ಮತ್ತು 2018ರಲ್ಲಿ ಪ್ರಕಟವಾದ ವ್ಯಾಲೆಟ್ಯೂಡೊ ಆ ಬಗೆಯವು. 2019ರಲ್ಲಿ ಸಾರ್ವಜನಿಕ ಸ್ಪರ್ಧೆಯ ಮೂಲಕ ಆರಿಸಿದ ಐದು ಹೆಸರುಗಳಲ್ಲಿಯೂ ಪ್ಯಾಂಡಿಯಾ ಮತ್ತು ಎರ್ಸಾ ಒಂದು ಕಡೆ, ಐರೀನೆ, ಫಿಲೊಫ್ರಾಸಿನೆ ಮತ್ತು ಯೂಫೀಮೆ ಇನ್ನೊಂದು ಕಡೆ ನಿಲ್ಲುತ್ತವೆ. ಈ ನಿಯಮವು ದೂರದ ಚಂದ್ರರಿಗೆ ಮಾತ್ರ ಸಲ್ಲುತ್ತದೆ. ಗುರುವಿನ ಸಮೀಪದಲ್ಲಿರುವ ಥೀಬೆ 'ಎ' ಸ್ವರದಲ್ಲಿ ಮುಗಿದರೂ ನೇರ ದಿಕ್ಕಿನಲ್ಲಿಯೇ, ಅಂದರೆ ಗ್ರಹವು ತಿರುಗುವ ದಿಕ್ಕಿನಲ್ಲಿಯೇ, ಸುತ್ತುತ್ತದೆ.

ಇದನ್ನು ತಿಳಿದ ಮೇಲೆ ಇಂಗ್ಲಿಷಿನ ಉಚ್ಚಾರಣೆಯನ್ನು ಬದಿಗಿಟ್ಟು, ಗ್ರೀಕ್ ಮೂಲಕ್ಕೆ ಹತ್ತಿರವಾಗಿ, ಕೊನೆಯ ಸ್ವರವನ್ನು ಮುಟ್ಟದೆ ಬರೆಯುವುದೆಂದು ನಿರ್ಧರಿಸಿದೆ. ಎದುರು ದಿಕ್ಕಿನ ಚಲನೆಗೆ 'ಹಿಮ್ಮುಖ' ಎಂಬ ಪದವನ್ನು ಆರಿಸಿಕೊಂಡೆ. ಪಂಚಾಂಗದ 'ವಕ್ರಗತಿ'ಯು ಭೂಮಿಯಿಂದ ನೋಡುವವರಿಗೆ ಕಾಣುವ ತೋರಿಕೆಯ ಚಲನೆಯಾದ್ದರಿಂದ ಅದು ಇಲ್ಲಿಗೆ ಹೊಂದುವುದಿಲ್ಲ. ಅಯೋ ಎಂದು ಬರೆದರೆ ಮಕ್ಕಳು ಅಯ್ಯೋ ಎಂದು ಓದುತ್ತಿದ್ದರು. ಗ್ರೀಕಿನಂತೆ ಇಯೋ ಎಂದು ಬರೆದಾಗ ಆ ತೊಡಕು ನೀಗಿತು. ಹಿಮಾಲಿಯಾಕ್ಕೂ ಹಿಮಾಲಯಕ್ಕೂ ಏನು ಸಂಬಂಧವೆಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಸಂಬಂಧವಿಲ್ಲ, ಹಿಮಾಲಿಯಾ ರೋಡ್ಸ್ ದ್ವೀಪದ ಅಪ್ಸರೆ. ಆದರೆ ಆ ಪ್ರಶ್ನೆಯನ್ನು ಇತರರೂ ಕೇಳುವರೆಂದು ಉತ್ತರವನ್ನು ಪಟದಲ್ಲಿಯೇ ಬರೆದೆ.

ನನ್ನನ್ನು ಹೆಚ್ಚು ಕಾಲ ಕಾಡಿದ್ದು ಗ್ರಹಗಳ ಹೆಸರುಗಳೇ. ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಚಂದ್ರರಿಗೆ ಇಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ ಎಂಬ ಹೆಸರುಗಳನ್ನು ಕೆಪ್ಲರ್‌ನ ಸಲಹೆಯಂತೆ ಸೈಮನ್ ಮಾರಿಯಸ್ 1614ರಲ್ಲಿ ಪ್ರಕಟಿಸಿದನು. ಇವರೆಲ್ಲ ಜೀಯಸ್ ಎಂಬ ದೇವರಾಜನು ಮೋಹಿಸಿದವರು. ಆತನ ರೋಮನ್ ರೂಪವೇ ಜ್ಯುಪಿಟರ್. ಕನ್ನಡದಲ್ಲಿಯೋ ಆ ಗ್ರಹವು ದೇವತೆಗಳ ಆಚಾರ್ಯನಾದ ಬೃಹಸ್ಪತಿ. ಅವನ ಸುತ್ತ ಈ ನಾಲ್ವರು ಏಕೆ ನಿಂತಿದ್ದಾರೆಂಬುದು ನಮ್ಮ ಕಥೆಗಳಿಂದ ತಿಳಿಯುವುದಿಲ್ಲ. ಶನಿಯದೂ ಅದೇ ಸ್ಥಿತಿ. ಟೈಟನ್ ಚಂದ್ರನನ್ನು ಹೈಗೆನ್ಸ್ 1655ರಲ್ಲಿಯೇ ಕಂಡಿದ್ದರೂ, ಟೈಟನ್, ರಿಯಾ, ಟೆಥಿಸ್, ಡಯೋನೆ, ಇಯಾಪೆಟಸ್, ಮಿಮಾಸ್, ಎನ್ಸೆಲಾಡಸ್ ಎಂಬ ಹೆಸರುಗಳನ್ನು ಸೂಚಿಸಿದವನು ಜಾನ್ ಹರ್ಷಲ್, 1847ರಲ್ಲಿ. ಸ್ಯಾಟರ್ನ್ ಎಂದರೆ ಗ್ರೀಕರ ಕ್ರೋನಸ್. ತನ್ನ ಮಕ್ಕಳನ್ನೇ ನುಂಗಿದವನ ಸುತ್ತ ಮಕ್ಕಳನ್ನು ನಿಲ್ಲಿಸುವಂತಿಲ್ಲ, ಆದ್ದರಿಂದ ಒಡಹುಟ್ಟಿದವರಾದ ಟೈಟನ್ನರನ್ನು ನಿಲ್ಲಿಸಬೇಕು ಎಂಬುದು ಆ ಆಯ್ಕೆಯ ತರ್ಕವಾಗಿತ್ತು. ಸೂರ್ಯಪುತ್ರನಾದ ನಮ್ಮ ಶನಿಗೆ ಈ ಒಡಹುಟ್ಟಿದವರಿಲ್ಲ. ಟೈಟನ್ನರನ್ನು ದೈತ್ಯರೆಂದು ಅನುವಾದಿಸಿರೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಎರಡೂ ಕಡೆ ದೇವತೆಗಳೊಡನೆ ರಕ್ತಸಂಬಂಧವೂ ಯುದ್ಧವೂ ಇರುವುದು ನಿಜ. ಆದರೂ ಒಬ್ಬರ ಪುರಾಣವನ್ನು ಇನ್ನೊಬ್ಬರದರಿಂದ ಮುಚ್ಚುವುದು ಸರಿಯೆನಿಸಲಿಲ್ಲ. ಕೊನೆಗೆ ಪ್ರತಿ ಗ್ರಹದ ಕನ್ನಡ ಹೆಸರಿನ ಕೆಳಗೆ ಗ್ರೀಕ್ ಮತ್ತು ರೋಮನ್ ದೇವತೆಯ ಹೆಸರನ್ನೂ, ಒಂದು ಸಾಲಿನ ವಂಶಪರಿಚಯವನ್ನೂ ಕೊಟ್ಟೆ. ಇಡೀ ಪಟದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸಾಲುಗಳೇ.

ಶನಿಯ ದೂರದ ಚಂದ್ರರಲ್ಲಿ ಕೊನೆಯ ಸ್ವರಕ್ಕೆ ಬದಲಾಗಿ ಜನಾಂಗವೇ ಗುರುತಾಗಿದೆ: ನೇರ ದಿಕ್ಕಿನವುಗಳಿಗೆ ಕಕ್ಷೆಯ ಓರೆಗೆ ತಕ್ಕಂತೆ ಇನುಯಿಟ್ (ಉತ್ತರ ಧ್ರುವ ಪ್ರದೇಶದ ಜನ) ಅಥವಾ ಗಾಲ್ (ಪ್ರಾಚೀನ ಫ್ರಾನ್ಸಿನ ಜನ) ಕಥೆಗಳ ಹೆಸರುಗಳು, ಹಿಮ್ಮುಖವಾದವುಗಳಿಗೆ ನಾರ್ಸ್, ಅಂದರೆ ಪ್ರಾಚೀನ ಸ್ಕ್ಯಾಂಡಿನೇವಿಯಾದ, ಪುರಾಣದ ಹೆಸರುಗಳು. ಹಿಮ್ಮುಖವಾಗಿದ್ದೂ ಗ್ರೀಕ್ ಹೆಸರನ್ನು ಹೊತ್ತ ಫೀಬೆ 1899ರಲ್ಲಿಯೇ ಪತ್ತೆಯಾದ ಹಳೆಯ ಚಂದ್ರ. ಸಿಯಾರ್ನಾಕ್, ಕಿವಿಯುಕ್ ಎಂಬ ಇನುಯಿಟ್ ಹೆಸರುಗಳ ಕೊನೆಯ ವ್ಯಂಜನವು ಗಂಟಲಿನ ಆಳದಿಂದ ಹೊರಡುವಂಥದು. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲದ ಕಾರಣ 'ಕ್' ಎಂದೇ ಬರೆಯಬೇಕಾಯಿತು.

ಯುರೇನಸ್ ನನಗೆ ಸುಲಭವಾಗಿತ್ತು. ಟೈಟಾನಿಯಾ, ಓಬೆರಾನ್, ಮಿರಾಂಡಾ ಷೇಕ್ಸ್‌ಪಿಯರ್‌ನ ನಾಟಕಗಳಿಂದ ಬಂದವು. ಉಂಬ್ರಿಯಲ್ ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪನ ಕಾವ್ಯದ್ದು. ಏರಿಯಲ್ ಇಬ್ಬರಲ್ಲಿಯೂ ಇದೆ. ನೆರಳು ಎಂಬ ಲ್ಯಾಟಿನ್ ಪದವನ್ನು ನೆನಪಿಸುವ ಉಂಬ್ರಿಯಲ್, ಯುರೇನಸ್‌ನ ಐದು ದೊಡ್ಡ ಚಂದ್ರರಲ್ಲಿ ಅತ್ಯಂತ ಕಪ್ಪಾದದ್ದು ಕೂಡ. ನೆಪ್ಚೂನಿನ ದೂರದ ಚಂದ್ರರಲ್ಲಿ ಗುರುವಿನ ಸ್ವರನಿಯಮವೇ ಮತ್ತೆ ಕಾಣಿಸುತ್ತದೆ: ಹಾಲಿಮೀಡೆ ಹಿಮ್ಮುಖ, ಲಾವೊಮೆಡೈಯಾ ನೇರ.

ಪಟದ ಕೊನೆಯ ಸಾಲು ಇನ್ನೂ ತುಂಬಿಲ್ಲ. 2025ರ ಮಾರ್ಚ್‌ನಲ್ಲಿ ಶನಿಗೆ ಒಮ್ಮೆಲೇ 128 ಚಂದ್ರರು ಸೇರಿ ಒಟ್ಟು 274 ಆದವು, ಅವುಗಳಲ್ಲಿ ಹೆಚ್ಚಿನವಕ್ಕೆ ಸಂಖ್ಯಾಸೂಚಿಯ ಹೊರತು ಹೆಸರಿಲ್ಲ. ಗುರುವಿನಲ್ಲಿಯೂ ಹೆಸರಿಲ್ಲದವು ಹಲವಿವೆ. ಅಲ್ಲಿ ಹಿಮ್ಮುಖವಾಗಿ ಸುತ್ತುವ ಪ್ರತಿಯೊಂದರ ಎದುರಿಗೂ ಖಾಲಿ ಜಾಗ ಬಿಟ್ಟು, ಆ ಜಾಗದ ಕೊನೆಯಲ್ಲಿ 'ಎ' ಎಂಬ ಒಂದೇ ಅಕ್ಷರವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.